'ದಟ್' ಎಂಬ ಬದುವಿನ ಯಾವ ಬದಿಗೆ?

ನಾನು ವಿಜ್ಞಾನದ ಮೇಷ್ಟ್ರು. ಆದರೆ ನಮ್ಮ ಕಡೆಯ ಅನೇಕ ಪ್ರೌಢಶಾಲೆಗಳಲ್ಲಿ ಆಗುವಂತೆ, ಇಂಗ್ಲಿಷ್ ಪಾಠವೂ ಹಲವು ವರ್ಷ ನನ್ನ ಹೆಗಲಿಗೇ ಬಿದ್ದಿತ್ತು. ಶಾಲೆಯ ಇಂಗ್ಲಿಷ್ ನೋಟೀಸುಗಳನ್ನು ಬರೆಯುವ ಕೆಲಸವೂ ಅದರ ಜೊತೆಗೇ ಬಂತು. ಹಾಗೆ ಬರೆದ ನೋಟೀಸೊಂದರಿಂದ 2009ರಲ್ಲಿ ಒಬ್ಬ ಹುಡುಗಿಗೆ ಅನ್ಯಾಯವಾಯಿತು. ಆ ತಪ್ಪಿನಿಂದ ನಾನು ಕಲಿತ ವ್ಯಾಕರಣವನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಆಗ ವಿಜ್ಞಾನ ವಸ್ತುಪ್ರದರ್ಶನದ ತಯಾರಿ ನಡೆದಿತ್ತು. ಶುಕ್ರವಾರ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಮುಖ್ಯೋಪಾಧ್ಯಾಯರು, ಮಕ್ಕಳು ತಮ್ಮ ಮಾದರಿಗಳನ್ನು ಬೇಗ ತಂದುಕೊಡಬೇಕೆಂದು ಹೇಳಿದರು. ಅಂದು ಬಾರದಿದ್ದವರಿಗಾಗಿ ನಾನು ಶನಿವಾರ ಫಲಕದಲ್ಲಿ ಹೀಗೆ ಬರೆದು ಹಾಕಿದೆ: 'ದಿ ಹೆಡ್‌ಮಾಸ್ಟರ್ ಅನೌನ್ಸ್ಡ್ ದಟ್ ದಿ ಮಾಡೆಲ್ಸ್ ಶುಡ್ ಬಿ ಸಬ್ಮಿಟೆಡ್ ಆನ್ ಫ್ರೈಡೇ.'

ಬುಧವಾರ ಮಾದರಿಗಳೆಲ್ಲ ಪ್ರದರ್ಶನಕ್ಕೆ ಹೋದವು. ಶುಕ್ರವಾರ ಬೆಳಿಗ್ಗೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ತಂದೆಯ ಸೈಕಲ್ಲಿನ ಹಿಂದೆ ಕುಳಿತು ಬಂದಳು. ತೊಡೆಯ ಮೇಲೆ ಹನಿ ನೀರಾವರಿಯ ಮಾದರಿ. ಔಷಧದ ಬಾಟಲಿಯ ನಳಿಕೆಗಳನ್ನು ಜೋಡಿಸಿ, ಮಣ್ಣಿನಲ್ಲಿ ರಾಗಿ ಪೈರು ಬೆಳೆಸಿ ಮಾಡಿದ್ದಳು.

"ಎಲ್ಲವೂ ಮೊನ್ನೆಯೇ ಹೋಯ್ತಲ್ಲಮ್ಮ" ಎಂದೆ.

"ಶುಕ್ರವಾರ ಅಂತ ನೀವೇ ಬರೆದಿದ್ದೀರಲ್ಲ ಸಾರ್?" ಎಂದಳು.

ಫಲಕದ ಹತ್ತಿರ ಹೋಗಿ ನೋಡಿದೆ. ಅವಳು ಓದಿದ್ದು ಸರಿಯಾಗಿಯೇ ಇತ್ತು. ನಾನು ಬರೆದದ್ದೇ ತಪ್ಪಾಗಿತ್ತು. "ತಪ್ಪು ನನ್ನದು ಯಜಮಾನರೇ" ಎಂದು ತಂದೆಗೆ ಹೇಳಿದೆ. "ಆಗ್ಲಿ ಬಿಡಿ ಮೇಷ್ಟ್ರೇ" ಎಂದು ಅವರು ಸೈಕಲ್ ತಿರುಗಿಸಿದರು. ಹುಡುಗಿ ಮಾತಾಡಲಿಲ್ಲ.

ತಪ್ಪು ಎಲ್ಲಿತ್ತು?

ನನ್ನ ವಾಕ್ಯದಲ್ಲಿ ಎರಡು ಕ್ರಿಯೆಗಳಿದ್ದವು: ಒಂದು ಪ್ರಕಟಿಸಿದ್ದು, ಇನ್ನೊಂದು ತಂದುಕೊಡುವುದು. 'ಆನ್ ಫ್ರೈಡೇ' ಎಂಬ ಮಾತು ಮೊದಲನೆಯದಕ್ಕೆ ಸೇರಬೇಕಿತ್ತು. ನಾನು ಅದನ್ನು ವಾಕ್ಯದ ತುದಿಗೆ ಇಟ್ಟೆ. ಓದುವವರು ಇಂಥ ಮಾತನ್ನು ಸಹಜವಾಗಿಯೇ ಹತ್ತಿರದ ಕ್ರಿಯಾಪದಕ್ಕೆ ಕಟ್ಟುತ್ತಾರೆ. ಹೀಗಾಗಿ ಪ್ರಕಟಿಸಿದ ದಿನ ತಂದುಕೊಡುವ ದಿನವಾಯಿತು.

ಯಾವಾಗ, ಹೇಗೆ, ಎಲ್ಲಿ ಎಂದು ಹೇಳಿ ಕ್ರಿಯೆಯನ್ನು ವಿವರಿಸುವ ಪದಕ್ಕೆ ಕ್ರಿಯಾವಿಶೇಷಣ ಎನ್ನುತ್ತೇವೆ. 'ಆನ್ ಫ್ರೈಡೇ'ಯಂಥ ಪದಗುಚ್ಛವೂ ಅದೇ ಕೆಲಸ ಮಾಡುತ್ತದೆ. 'ದಟ್' ಎಂಬುದನ್ನು ಎರಡು ಹೊಲಗಳ ನಡುವಿನ ಬದು ಎಂದುಕೊಳ್ಳಿ. ಬದುವಿನ ಆಚೆ 'ಅನೌನ್ಸ್ಡ್', ಈಚೆ 'ಸಬ್ಮಿಟೆಡ್'. ಕ್ರಿಯಾವಿಶೇಷಣವನ್ನು ಯಾವ ಬದಿಗೆ ಬಿಡುತ್ತೀರೋ ಆ ಹೊಲಕ್ಕೇ ನೀರು. ನಾನು ಬರೆಯಬೇಕಾಗಿದ್ದದ್ದು ಹೀಗೆ: 'ದಿ ಹೆಡ್‌ಮಾಸ್ಟರ್ ಅನೌನ್ಸ್ಡ್ ಆನ್ ಫ್ರೈಡೇ ದಟ್ ದಿ ಮಾಡೆಲ್ಸ್ ಶುಡ್ ಬಿ ಸಬ್ಮಿಟೆಡ್ ಸೂನ್.' 'ಆನ್ ಫ್ರೈಡೇ'ಯನ್ನು ವಾಕ್ಯದ ಮೊದಲಿಗೇ ಇಟ್ಟಿದ್ದರೂ ಸರಿಹೋಗುತ್ತಿತ್ತು.

ಇನ್ನೊಂದು ಉದಾಹರಣೆ ನೋಡಿ. 'ವಿ ರಿಯಲೈಸ್ಡ್ ಸ್ಲೋಲಿ ದಟ್ ದಿ ವಾಟರ್ ವಾಸ್ ರೈಸಿಂಗ್' ಎಂದರೆ, ನೀರು ಏರುತ್ತಿರುವುದು ನಮಗೆ ನಿಧಾನವಾಗಿ ತಿಳಿಯಿತು ಎಂದರ್ಥ. 'ಸ್ಲೋಲಿ'ಯನ್ನು ಎತ್ತಿ ಕೊನೆಗೆ ಇಟ್ಟರೆ, ನೀರೇ ನಿಧಾನವಾಗಿ ಏರುತ್ತಿತ್ತು ಎಂದಾಗುತ್ತದೆ. ನದಿಯ ದಡದಲ್ಲಿ ಮನೆಯಿದ್ದವರಿಗೆ ಇವೆರಡರ ಅಂತರ ಸಣ್ಣದಲ್ಲ.

ಕನ್ನಡಿಯೊಳಗಿನ ವಾಕ್ಯ

ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಕಷ್ಟವಾಗಬೇಕಿಲ್ಲ. ನಮ್ಮ ಭಾಷೆಯಲ್ಲಿ 'ಎಂದು' ಇದೆಯಲ್ಲ, ಅದೇ ನಮ್ಮ ಬದು. 'ಶುಕ್ರವಾರ ಮಾದರಿಗಳನ್ನು ತರಬೇಕೆಂದು ಹೇಳಿದರು' ಎಂದರೆ ತರುವುದು ಶುಕ್ರವಾರವೋ ಹೇಳಿದ್ದು ಶುಕ್ರವಾರವೋ ಎಂಬ ಅನುಮಾನಕ್ಕೆ ಎಡೆಯಿದೆ. 'ಮಾದರಿಗಳನ್ನು ತರಬೇಕೆಂದು ಶುಕ್ರವಾರ ಹೇಳಿದರು' ಎನ್ನಿ, ಅನುಮಾನ ಮಾಯ.

ಈಗ ಎರಡು ಭಾಷೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕನ್ನಡದಲ್ಲಿ ಕ್ರಮ ಹೀಗಿದೆ: ಎಂದು, ಶುಕ್ರವಾರ, ಹೇಳಿದರು. ಇಂಗ್ಲಿಷಿನಲ್ಲಿ: ಅನೌನ್ಸ್ಡ್, ಆನ್ ಫ್ರೈಡೇ, ದಟ್. ಕನ್ನಡಿಯಲ್ಲಿ ಎಡ ಬಲವಾಗುವಂತೆ ಒಂದು ಇನ್ನೊಂದರ ಬಿಂಬ. ಎರಡರಲ್ಲೂ ಸುರಕ್ಷಿತ ಜಾಗ ಒಂದೇ, ಕ್ರಿಯಾಪದಕ್ಕೂ ಬದುವಿಗೂ ನಡುವೆ. ಅನುಮಾನ ಹುಟ್ಟುವ ಜಾಗವೂ ಬಿಂಬವೇ: ಕನ್ನಡದಲ್ಲಿ ವಾಕ್ಯದ ತಲೆ, ಇಂಗ್ಲಿಷಿನಲ್ಲಿ ವಾಕ್ಯದ ಬಾಲ.

ಒಂದು ನ್ಯಾಯವಾದ ಪ್ರಶ್ನೆ

ಇದನ್ನು ಪಾಠ ಮಾಡುತ್ತಿದ್ದಾಗ ಜಾಣ ಹುಡುಗನೊಬ್ಬ ಎದ್ದು ನಿಂತ. "ಸಾರ್, ಕ್ರಿಯಾಪದಕ್ಕೂ ಕರ್ಮಕ್ಕೂ ನಡುವೆ ಏನನ್ನೂ ತುರುಕಬೇಡಿ ಅಂತ ನೀವೇ ಹೇಳಿಕೊಟ್ಟಿದ್ದೀರಿ. ಇಲ್ಲಿ ದಟ್‌ನಿಂದ ಶುರುವಾಗುವ ಉಪವಾಕ್ಯವೇ ಕರ್ಮ ಅಲ್ವಾ?"

ಹೌದು, ಅವನ ಪ್ರಶ್ನೆ ಸರಿಯಾದದ್ದೇ. 'ಐ ಲೈಕ್ ವೆರಿ ಮಚ್ ಕಾಫಿ' ಎಂದರೆ ತಪ್ಪು. 'ಐ ಲೈಕ್ ಕಾಫಿ ವೆರಿ ಮಚ್' ಎನ್ನಬೇಕು. 1926ರಲ್ಲಿ ಬಂದ ಫೌಲರ್ ಅವರ ಪ್ರಸಿದ್ಧ ಇಂಗ್ಲಿಷ್ ಬಳಕೆಯ ನಿಘಂಟು ಕೂಡ ಕ್ರಿಯಾಪದವನ್ನೂ ಕರ್ಮವನ್ನೂ ಅಗಲಿಸುವುದರ ವಿರುದ್ಧ ಎಚ್ಚರಿಸುತ್ತದೆ.

ಆದರೆ 'ಕಾಫಿ' ಒಂದೇ ಪದ. ಉಪವಾಕ್ಯವಾದರೋ ಹತ್ತು ಹನ್ನೆರಡು ಪದಗಳ ಹೊರೆ. ಉದ್ದನೆಯ ಬಿದಿರಿನ ಕಂತೆ ಹೊತ್ತವನು ಓಣಿಗೆ ಬಂದರೆ ಏನು ಮಾಡುತ್ತೇವೆ? ಬರಿಗೈಯವರು ಮೊದಲು ದಾಟಿಕೊಂಡು, ಅವನನ್ನು ಹಿಂದಿನಿಂದ ಬರಗೊಡುತ್ತೇವೆ. ಇಂಗ್ಲಿಷ್ ವಾಕ್ಯವೂ ಹಾಗೆಯೇ, ಹಗುರವಾದ ಮಾತನ್ನು ಮುಂದೆ ಬಿಟ್ಟು ಭಾರವಾದ ಭಾಗವನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಜರ್ಮನಿಯ ಭಾಷಾವಿದ್ವಾಂಸ ಓಟ್ಟೊ ಬೆಹಾಗೆಲ್ 1909ರಲ್ಲೇ ಇಂಥ ಒಲವನ್ನು ಗುರುತಿಸಿ, ಬೆಳೆಯುವ ಅಂಗಗಳ ನಿಯಮ ಎಂದು ಕರೆದರು. ಕ್ವರ್ಕ್ ಮತ್ತು ಮೂವರು ಸಂಗಡಿಗರು 1985ರಲ್ಲಿ ಹೊರತಂದ ಇಂಗ್ಲಿಷಿನ ಬೃಹತ್ ವ್ಯಾಕರಣವೂ ಇದನ್ನು ಕೊನೆಯ ಭಾರದ ತತ್ತ್ವವೆಂದು ವಿವರಿಸುತ್ತದೆ. ಆದ್ದರಿಂದ ಇಲ್ಲಿ ನಿಯಮ ಮುರಿದಂತಾಗಲಿಲ್ಲ, ಇನ್ನೂ ದೊಡ್ಡ ನಿಯಮವೊಂದಕ್ಕೆ ಅದು ದಾರಿ ಬಿಟ್ಟುಕೊಟ್ಟಿತು, ಅಷ್ಟೆ.

ಬದು ಒಡೆಯಬೇಡಿ

ಇಂಗ್ಲಿಷಿನಲ್ಲಿ 'ದಟ್' ಅನ್ನು ಎಷ್ಟೋ ಸಲ ಬಿಟ್ಟುಬಿಡಬಹುದು. 'ಹೀ ಸೆಡ್ ಹೀ ವುಡ್ ಕಮ್' ತಪ್ಪಲ್ಲ. ಆದರೆ ನಡುವೆ ಕ್ರಿಯಾವಿಶೇಷಣ ಬಂದಾಗ ಜೋಪಾನ. 'ದಿ ಡಾಕ್ಟರ್ ಸೆಡ್ ಆನ್ ಮಂಡೇ ಹೀ ವುಡ್ ಆಪರೇಟ್' ಎಂದು ಬರೆದರೆ, ಡಾಕ್ಟರು ಹೇಳಿದ್ದು ಸೋಮವಾರವೋ, ಆಪರೇಷನ್ ಸೋಮವಾರವೋ? ಮಾತಿನಲ್ಲಾದರೆ ಉಸಿರು ನಿಲ್ಲಿಸುವ ಜಾಗದಿಂದ ತಿಳಿದುಕೊಳ್ಳಬಹುದು. ಕಾಗದಕ್ಕೆ ಉಸಿರೆಲ್ಲಿದೆ?

'ಸೆಡ್ ಆನ್ ಮಂಡೇ ದಟ್ ಹೀ ವುಡ್ ಆಪರೇಟ್' ಎಂದರೆ ಹೇಳಿದ್ದು ಸೋಮವಾರ. 'ಸೆಡ್ ದಟ್ ಹೀ ವುಡ್ ಆಪರೇಟ್ ಆನ್ ಮಂಡೇ' ಎಂದರೆ ಆಪರೇಷನ್ ಸೋಮವಾರ. ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಶೈಲಿ ಕೈಪಿಡಿಯೂ, ಕ್ರಿಯಾಪದಕ್ಕೂ ಉಪವಾಕ್ಯಕ್ಕೂ ನಡುವೆ ಕಾಲಸೂಚಕ ಪದ ಬಂದರೆ ಸಾಮಾನ್ಯವಾಗಿ 'ದಟ್' ಬಿಡಬಾರದು ಎಂದೇ ಹೇಳುತ್ತದೆ. ಅಲ್ಲಿನ ಪತ್ರಿಕೆಗಳು 'ಆನ್' ಬಿಟ್ಟು 'ಸೆಡ್ ಮಂಡೇ ದಟ್' ಎಂದು ಬರೆಯುವುದುಂಟು. ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಲ್ಲಿ 'ಸೆಡ್ ಆನ್ ಮಂಡೇ ದಟ್' ಎಂಬುದೇ ರೂಢಿ. ಮಕ್ಕಳು ಅದನ್ನೇ ಅನುಸರಿಸಲಿ.

ಹಾಗೆಂದು ಎಲ್ಲ ಕ್ರಿಯಾವಿಶೇಷಣಗಳನ್ನೂ ಇದೇ ಜಾಗಕ್ಕೆ ಎಳೆದು ತರಬೇಕಿಲ್ಲ. ಒಂದೇ ಪದದವು ಕ್ರಿಯಾಪದದ ಮುಂಚೆಯೇ ಹೆಚ್ಚು ಸಲೀಸಾಗಿ ಕೂರುತ್ತವೆ. 'ಐ ಫರ್ಮ್ಲಿ ಬಿಲೀವ್ ದಟ್', 'ದಿ ಎಕ್ಸ್‌ಪೆರಿಮೆಂಟ್ ಕ್ಲಿಯರ್ಲಿ ಶೋಸ್ ದಟ್' ಎಂಬುವು ಹೀಗೆ ಬಂದವು. 'ಶೋಸ್ ಕ್ಲಿಯರ್ಲಿ ದಟ್' ಎಂದರೂ ಸರಿಯೇ. ದಿನ, ಹೊತ್ತು, ಸ್ಥಳ ಹೇಳುವ 'ಆನ್ ಫ್ರೈಡೇ', 'ಇನ್ ದಿ ಮಾರ್ನಿಂಗ್'ನಂಥ ಗುಚ್ಛಗಳಿಗೆ ಮಾತ್ರ ನಡುವಿನ ಜಾಗ ಬಹಳ ಉಪಯುಕ್ತ.

ಮನೆಯಲ್ಲಿ ಮಾಡಿ ನೋಡಿ

ವಿದ್ಯಾರ್ಥಿಗಳೇ, ಈ ವಾಕ್ಯ ತೆಗೆದುಕೊಳ್ಳಿ: 'ಮೈ ಫಾದರ್ ಪ್ರಾಮಿಸ್ಡ್ ದಟ್ ಹೀ ವುಡ್ ಬೈ ಅ ಸೈಕಲ್.' ಇದರಲ್ಲಿ 'ಲಾಸ್ಟ್ ನೈಟ್' ಎಂಬುದನ್ನು ಎಲ್ಲಿಡುತ್ತೀರಿ? 'ನೆಕ್ಸ್ಟ್ ಮಂತ್' ಎಂಬುದನ್ನು ಎಲ್ಲಿಡುತ್ತೀರಿ? ಎರಡನ್ನೂ ಇಟ್ಟ ಮೇಲೆ, ಯಾವ ಕ್ರಿಯೆ ಯಾವಾಗ ಎಂದು ಬದುವಿನ ಎರಡೂ ಬದಿಗೆ ಕೇಳಿಕೊಳ್ಳಿ.

ಪಾಲಕರಲ್ಲಿ ಒಂದು ಮಾತು. ಈಗ ಶಾಲೆಯ ಸೂಚನೆಗಳು ಎಷ್ಟೋ ಕಡೆ ಮೊಬೈಲಿಗೇ ಬರುತ್ತವೆ, ಅವಸರದಲ್ಲಿ ಬರೆದವೂ ಇರುತ್ತವೆ. ದಿನಾಂಕವಿರುವ ಇಂಗ್ಲಿಷ್ ಸೂಚನೆ ಬಂದರೆ, ಆ ದಿನ ಹೇಳಿದ್ದಕ್ಕೆ ಸೇರಿದ್ದೋ ಮಾಡಬೇಕಾದ್ದಕ್ಕೆ ಸೇರಿದ್ದೋ ಎಂದು ಮಗುವಿನ ಜೊತೆ ಕೂತು ಓದಿ. ಸಂದೇಹ ಬಂದರೆ ಮೇಷ್ಟ್ರನ್ನು ಕೇಳಲು ಸಂಕೋಚ ಬೇಡ. ಮೇಷ್ಟ್ರೂ ತಪ್ಪು ಬರೆಯುತ್ತಾರೆ.

ಆ ಹುಡುಗಿಯ ಮಾದರಿಯನ್ನು ಕೇಳಿ ತರಿಸಿಕೊಂಡು ಪ್ರಯೋಗಶಾಲೆಯ ಕಿಟಕಿಯ ಬಳಿ ಇಟ್ಟೆ. ಪೈರು ಒಣಗುವವರೆಗೂ ಅವಳೇ ಬಂದು ಬಾಟಲಿಗೆ ನೀರು ತುಂಬಿಸುತ್ತಿದ್ದಳು. ಪ್ರದರ್ಶನ ಮಾತ್ರ ಅವಳಿಗೆ ಮತ್ತೆ ಸಿಗಲಿಲ್ಲ, ಅದು ಅವಳ ಕೊನೆಯ ವರ್ಷ. ಅಂದಿನಿಂದ ನಾನು ನೋಟೀಸು ಬರೆದರೆ, ಫಲಕಕ್ಕೆ ಹಾಕುವ ಮುಂಚೆ ಮಗುವೊಂದನ್ನು ಕರೆದು ಓದಿಸುತ್ತೇನೆ, "ಏನು ಮಾಡಬೇಕು? ಯಾವಾಗ ಮಾಡಬೇಕು?" ಎಂದು ಕೇಳುತ್ತೇನೆ.