ನಾಲ್ಕು ಕಾಯಿಲ್‌ಗಳಲ್ಲಿ ಕೆಟ್ಟದ್ದು ಯಾವುದು?

ಸಿಗ್ನಲ್‌ನಲ್ಲಿ ನಿಂತಾಗ ಗೇರ್ ಲಿವರ್ ನಡುಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಕಾರು ಮುಂದಕ್ಕೆ ಎಳೆಯುವ ಬದಲು ತಡವರಿಸುತ್ತದೆ. ಚಾರ್ಮಾಡಿಯಂಥ ಘಾಟಿಯಲ್ಲಿ ಮೂರನೇ ಗೇರಿನಲ್ಲೇ ಸರಾಗವಾಗಿ ಏರುತ್ತಿದ್ದದ್ದು ಈಗ ಎರಡಕ್ಕೆ ಇಳಿಸಿದರೂ ಏದುಸಿರು ಬಿಡುತ್ತದೆ. ಗ್ಯಾರೇಜಿನವರು ಇದನ್ನೇ ‘ಮಿಸ್ಸಿಂಗ್ ಹೊಡೀತಿದೆ’ ಅನ್ನುತ್ತಾರೆ.

ಹತ್ತು ಹನ್ನೆರಡು ವರ್ಷ ದಾಟಿದ ಪೆಟ್ರೋಲ್ ಕಾರಿಗೆ ಹೀಗಾದರೆ ಮನೆಯಲ್ಲಿ ಮಾರುವ ಮಾತು ಏಳುತ್ತದೆ. ಅವಸರ ಬೇಡ. ಎಷ್ಟೋ ಸಲ ಇಷ್ಟೆಲ್ಲ ಅವಾಂತರಕ್ಕೆ ಕಾರಣ ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವ, ಗೇಣುದ್ದದ ಒಂದೇ ಒಂದು ಇಗ್ನಿಷನ್ ಕಾಯಿಲ್. ಅದನ್ನು ಬದಲಿಸುವುದು ಮನೆಯಂಗಳದಲ್ಲೇ ಆಗುವ ಕೆಲಸ. ಆದರೆ ಬದಲಿಸುವುದಕ್ಕಿಂತ ಮುಖ್ಯವಾದದ್ದು ನಾಲ್ಕರಲ್ಲಿ ಕೆಟ್ಟದ್ದು ಯಾವುದೆಂದು ಖಚಿತವಾಗಿ ಹಿಡಿಯುವುದು. ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಖರ್ಚು ನಾಲ್ಕು ಪಟ್ಟು. ದೋಷ ಕಾಯಿಲ್‌ನಲ್ಲಿ ಇರದಿದ್ದರೆ ಅಷ್ಟೂ ದುಡ್ಡು ದಂಡ.

ಹಳೆಯ ಅಂಬಾಸಿಡರ್, ಪದ್ಮಿನಿಗಳಲ್ಲಿ ಇದ್ದದ್ದು ಒಂದೇ ಕಾಯಿಲ್. ಡಿಸ್ಟ್ರಿಬ್ಯೂಟರ್ ಒಳಗಿನ ರೋಟರ್ ಸರದಿ ಪ್ರಕಾರ ಒಂದೊಂದು ಪ್ಲಗ್ಗಿಗೆ ಕರೆಂಟು ಹಂಚುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟೆರಿಂಗ್ 1910ರ ಆಸುಪಾಸಿನಲ್ಲಿ ಕ್ಯಾಡಿಲಾಕ್ ಕಾರಿಗೆ ರೂಪಿಸಿದ ವ್ಯವಸ್ಥೆಯ ಮುಂದುವರಿಕೆ ಅದು. ಕಾಯಿಲ್ಲಿನ ಕರೆಂಟು ಕಡಿಯುವ ‘ಪಾಯಿಂಟ್’ ಸೆಟ್ ಮಾಡುವುದರಲ್ಲೇ ಹೆಸರು ಗಳಿಸಿದ ಮೆಕ್ಯಾನಿಕ್‌ಗಳು ಆಗ ಊರಿಗೊಬ್ಬರಿದ್ದರು. 2010ರ ನಂತರದ ಪೆಟ್ರೋಲ್ ಸ್ವಿಫ್ಟ್‌ನಂಥ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ. ಪ್ರತಿ ಪ್ಲಗ್ಗಿನ ತಲೆಯ ಮೇಲೂ ಅದರದ್ದೇ ಕಾಯಿಲ್ ಕೂತಿರುತ್ತದೆ.

ಬ್ಯಾಟರಿ ಕೊಡುವುದು 12 ವೋಲ್ಟ್. ಸಿಲಿಂಡರಿನ ಒತ್ತಡದಲ್ಲಿ, ಪ್ಲಗ್ಗಿನ ಒಂದು ಮಿಲಿಮೀಟರ್ ಆಸುಪಾಸಿನ ಸಂದಿಯನ್ನು ಕಿಡಿ ದಾಟಲು ಸಾವಿರಾರು ವೋಲ್ಟ್ ಬೇಕು. ಕಾಯಿಲ್‌ನ ಒಳಗೆ ಎರಡು ತಂತಿ ಸುರುಳಿಗಳಿವೆ: ದಪ್ಪ ತಂತಿಯದು ಕೆಲವು ನೂರು ಸುತ್ತು, ಕೂದಲೆಳೆಯಂಥ ತಂತಿಯದು ಸಾವಿರಾರು ಸುತ್ತು. ದಪ್ಪ ಸುರುಳಿಯ ಕರೆಂಟನ್ನು ಥಟ್ಟನೆ ಕಡಿದಾಗ ಕಾಂತಕ್ಷೇತ್ರ ಕುಸಿದು, ಸಣ್ಣ ಸುರುಳಿಯಲ್ಲಿ 20ರಿಂದ 40 ಸಾವಿರ ವೋಲ್ಟ್‌ವರೆಗೂ ಹುಟ್ಟಬಲ್ಲದು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಕಾಯಿಲ್ ಸೆಕೆಂಡಿಗೆ 25 ಸಲ ಈ ಕೆಲಸ ಮಾಡುತ್ತದೆ, ಅದೂ ಎಂಜಿನ್ನಿನ ಕಾವಿನಲ್ಲಿ ಬೇಯುತ್ತಾ. ವರ್ಷಗಳು ಕಳೆದಂತೆ ಒಳಗಿನ ನಿರೋಧಕ ಪದರ ಬಿರುಕು ಬಿಡುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಸರಿಯಾಗಿದ್ದು, ಬಿಸಿಯಾದ ಮೇಲೆ ಮಿಸ್ಸಿಂಗ್ ಶುರುವಾದರೆ ಕಾಯಿಲ್ ಮೇಲೆ ಅನುಮಾನ ಪಡಲು ಅದೇ ಒಳ್ಳೆಯ ಸುಳಿವು.

ಕಳ್ಳನನ್ನು ಹಿಡಿಯುವ ದಾರಿ ನನಗೆ ಬಹಳ ಇಷ್ಟ. ಸ್ಟೀರಿಂಗ್ ಕೆಳಗಿರುವ, ಎಂಜಿನ್ನಿನ ದೋಷ ತಿಳಿಸುವ ಓಬಿಡಿ ಸಾಕೆಟ್ಟಿಗೆ ಅಗ್ಗದ ಸ್ಕ್ಯಾನರ್ ಸಿಕ್ಕಿಸಿ ಕೋಡ್ ಓದಿ. ‘ಪಿ0303’ ಎಂದು ಬಂದರೆ ಮೂರನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಎಣಿಕೆ ಸಾಮಾನ್ಯವಾಗಿ ಟೈಮಿಂಗ್ ಚೈನ್ ಇರುವ ಬದಿಯಿಂದ. ಕೂಡಲೇ ಹೊಸ ಕಾಯಿಲ್ ತರಲು ಓಡಬೇಡಿ. ಮೂರನೆಯದನ್ನು ಎರಡಕ್ಕೆ, ಎರಡನೆಯದನ್ನು ಮೂರಕ್ಕೆ ಹಾಕಿ, ಕೋಡ್ ಅಳಿಸಿ, ಒಂದು ಸುತ್ತು ಓಡಿಸಿ ಬನ್ನಿ. ಈಗ ‘ಪಿ0302’ ಬಂದರೆ ದೋಷ ಕಾಯಿಲ್‌ನ ಜೊತೆಗೇ ಜಾಗ ಬದಲಿಸಿತು, ಅಂದರೆ ಕೆಟ್ಟದ್ದು ಅದೇ. ಮತ್ತೆ ‘ಪಿ0303’ ಬಂದರೆ ಪ್ಲಗ್, ಇಂಜೆಕ್ಟರ್, ಇಲಿ ಕಡಿದ ವೈರು, ಕಂಪ್ರೆಷನ್ ಕಡೆ ಹುಡುಕಬೇಕು. ಸ್ಕ್ಯಾನರ್ ಬಿಟ್ಟರೆ ನಯಾಪೈಸೆ ಖರ್ಚಿಲ್ಲದ ಈ ಪರೀಕ್ಷೆ ಎಷ್ಟೋ ಕಾಯಿಲ್‌ಗಳನ್ನು ಅನ್ಯಾಯವಾಗಿ ಗುಜರಿ ಸೇರದಂತೆ ಕಾಯುತ್ತದೆ. ಎಂಜಿನ್ ದೀಪ ಮಿನುಗುತ್ತಿದ್ದರೆ ಮಾತ್ರ ಗಾಡಿ ಓಡಿಸಬೇಡಿ. ಉರಿಯದ ಪೆಟ್ರೋಲು ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಅದರ ಬೆಲೆಯ ಮುಂದೆ ಕಾಯಿಲ್ ಏನೂ ಅಲ್ಲ.

ಅದಲುಬದಲಿಗಾಗಲಿ, ಹೊಸದು ಹಾಕಲಾಗಲಿ, ಕಾಯಿಲ್ ಬಿಚ್ಚುವುದು ಎಂಜಿನ್ ಪೂರ್ತಿ ತಣಿದ ಮೇಲೆ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಟ್ಟು. ಎಂಜಿನ್ ಓಡುತ್ತಿರುವಾಗ ಕಾಯಿಲ್ ಎಳೆದು ನೋಡುವ ಚಾಳಿ ಮನುಷ್ಯರಿಗೂ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೂ ಅಪಾಯ. ಕೆಲವು ಮಾದರಿಗಳಲ್ಲಿ ಮೇಲಿನ ಏರ್ ಫಿಲ್ಟರ್ ಡಬ್ಬಿ ತೆಗೆಯಬೇಕಾಗುತ್ತದೆ. ಕನೆಕ್ಟರಿನ ಲಾಕ್ ಒತ್ತಿಯೇ ಎಳೆಯಿರಿ. ವರ್ಷಗಟ್ಟಲೆ ಬೆಂದ ಪ್ಲಾಸ್ಟಿಕ್ ಅವಸರಕ್ಕೆ ಮುರಿಯುತ್ತದೆ. ಸಾಮಾನ್ಯವಾಗಿ ಹತ್ತು ಮಿಲಿಮೀಟರಿನ ಸಾಕೆಟ್ಟಿಗೆ ಬೋಲ್ಟ್ ಬರುತ್ತದೆ. ಆಮೇಲೆ ಕಾಯಿಲನ್ನು ಸ್ವಲ್ಪ ಎಡಕ್ಕೆ ಬಲಕ್ಕೆ ತಿರುಗಿಸಿದರೆ ರಬ್ಬರ್ ಬೂಟಿನ ಹಿಡಿತ ಸಡಿಲಿ ಮೇಲೆ ಬರುತ್ತದೆ. ಬೂಟನ್ನು ಬೆಳಕಿಗೆ ಹಿಡಿದು ನೋಡಿ. ಉದ್ದಕ್ಕೂ ಸಣ್ಣ ಕಪ್ಪು ಗೆರೆ ಹರಿದಿದ್ದರೆ ಕಿಡಿ ಪ್ಲಗ್ಗಿನ ತುದಿಗೆ ಹೋಗದೆ ಅಡ್ಡದಾರಿ ಹಿಡಿದು ಲೋಹಕ್ಕೆ ಹಾರಿದ ಗುರುತು ಅದು. ಮಳೆಗಾಲದ ತೇವಕ್ಕೆ ಈ ಕಾಟ ಹೆಚ್ಚು.

ಅಲ್ಲಿಯವರೆಗೆ ಕೈ ಹೋದ ಮೇಲೆ ಪ್ಲಗ್ಗನ್ನೂ ತೆಗೆದು ನೋಡಲೇಬೇಕು. ಸವೆದು ಸಂದಿ ಅಗಲವಾದ ಪ್ಲಗ್ಗು ಕಿಡಿಗಾಗಿ ಹೆಚ್ಚು ವೋಲ್ಟ್ ಬೇಡುತ್ತದೆ, ಆ ಒತ್ತಡಕ್ಕೇ ಕಾಯಿಲ್ ಸೊರಗುತ್ತದೆ. ಹಳೇ ಪ್ಲಗ್ಗಿನ ಮೇಲೆ ಹೊಸ ಕಾಯಿಲ್ ಕೂರಿಸಿದರೆ ಅದಕ್ಕೂ ಅದೇ ಗತಿ. ಹಾಗಾಗಿ ಕಾಯಿಲ್ ಒಂದೇ ಸಾಕು, ಪ್ಲಗ್ ಮಾತ್ರ ನಾಲ್ಕೂ ಬದಲಿಸಿ ಎನ್ನುವುದು ನನ್ನ ಮಾತು. ಪ್ಲಗ್ಗನ್ನು ಮೊದಲ ಕೆಲವು ಸುತ್ತು ಕೈಯಿಂದಲೇ ತಿರುಗಿಸಿ. ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಹಾಳಾದರೆ ಸರಿಪಡಿಸುವುದು ದೊಡ್ಡ ಕೆಲಸ.

ಪ್ಲಗ್ ಬಾವಿಯಲ್ಲಿ ಎಣ್ಣೆ ನಿಂತಿದ್ದರೆ ಹೊಸ ಕಾಯಿಲ್ ಅಂದೇ ಹಾಕಬೇಡಿ. ಮೇಲಿನ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್, ಸೀಲುಗಳು ಸೋರುತ್ತಿವೆ. ಮೊದಲು ಅವು ಬದಲಾಗಬೇಕು, ಇಲ್ಲದಿದ್ದರೆ ಹೊಸ ಬೂಟೂ ಎಣ್ಣೆಗೆ ಉಬ್ಬಿ ಕೆಡುತ್ತದೆ.

ಕೊಳ್ಳುವಾಗ ಹಳೇ ಕಾಯಿಲನ್ನೇ ಕೈಯಲ್ಲಿ ಹಿಡಿದು ಹೋಗಿ, ಮೈಮೇಲಿನ ಪಾರ್ಟ್ ನಂಬರ್ ತಾಳೆ ನೋಡಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಯಲ್ಲಿ ಒಂದೇ ಆಕಾರದ ಕಾಯಿಲ್‌ಗೆ ಹಲವು ದರ ಹೇಳುತ್ತಾರೆ. ತೀರಾ ಅಗ್ಗದ್ದಕ್ಕೆ ಕೈ ಚಾಚಬೇಡಿ, ಬಿಲ್ ಕೇಳಿ ಪಡೆಯಿರಿ. ಕೈಯಲ್ಲಿ ದುಡ್ಡಿದ್ದರೆ ಇನ್ನೊಂದನ್ನು ಕೊಂಡು ಹತ್ತರ ಸಾಕೆಟ್ ಜೊತೆ ಸ್ಟೆಪ್ನಿ ಪಕ್ಕದಲ್ಲಿಡಿ. ಉಳಿದ ಮೂರಕ್ಕೂ ಅಷ್ಟೇ ವಯಸ್ಸಾಗಿದೆ.