‘ಟು ಲೆಟ್’ ಬೋರ್ಡು ಇದೆ, ಮನೆ ಇಲ್ಲ!

ಮೈಸೂರಿನ ಸರಸ್ವತಿಪುರಂ. ಒಂದು ಗೇಟಿಗೆ ‘ಟು ಲೆಟ್’ ಬೋರ್ಡು ತೂಗುಹಾಕಿದೆ. ಬೆಲ್ ಒತ್ತಿದವನು ಸುಡಾನ್ ದೇಶದ ಹುಡುಗ. ಕೈಯಲ್ಲಿ ಮಾನಸಗಂಗೋತ್ರಿಯ ಅಡ್ಮಿಷನ್ ಕಾಗದ. ಯಜಮಾನರು ಹೊರಗೆ ಬಂದರು, ಮುಖ ನೋಡಿದರು, ‘ಮನೆ ಹೋಯ್ತಪ್ಪ’ ಅಂದರು. ಬೋರ್ಡು ಮಾತ್ರ ಮಾರನೇ ದಿನವೂ ಅಲ್ಲೇ ಇತ್ತು!

ಸ್ವಾಮಿ, ಸುಳ್ಳು ಹೇಳಿದ ಯಜಮಾನರು ಕೆಟ್ಟವರೇನಲ್ಲ. ಅವರಿಗೆ ಭಯ. ‘ಫಾರಿನ್‌ನವರನ್ನ ಇಟ್ಕೊಂಡ್ರೆ ಪೊಲೀಸ್ ತಾಪತ್ರಯ ಯಾರಿಗೆ ಬೇಕು?’ ಅನ್ನೋದು ಬೀದಿ ಬೀದಿಯಲ್ಲಿ ಕೇಳಿಬರುವ ಮಾತು.

ತಾಪತ್ರಯ ಎಷ್ಟು ಅಂತ ನೋಡೋಣ. ಪರದೇಶದವರು ಮನೆಗೆ ಬಂದು ಇಳಿದ 24 ಗಂಟೆಯೊಳಗೆ ಮನೆಯವರು ಸರ್ಕಾರಕ್ಕೆ ತಿಳಿಸಬೇಕು. ಜನರ ಬಾಯಲ್ಲಿ ಇದು ‘ಸಿ ಫಾರಂ’. 1946ರ ಹಳೇ ಕಾಯಿದೆ ಹೋಗಿ 2025ರ ಸೆಪ್ಟೆಂಬರ್ 1ರಿಂದ ಹೊಸದು ಬಂದಿದೆ, ಆದರೂ ಈ ಹೊಣೆ ತಪ್ಪಿಲ್ಲ. ಠಾಣೆ ಮೆಟ್ಟಿಲು ಹತ್ತಬೇಕಾಗಿಲ್ಲ. ಪಾಸ್‌ಪೋರ್ಟು, ವೀಸಾ ಮುಂದಿಟ್ಟುಕೊಂಡು ಕಂಪ್ಯೂಟರಿನಲ್ಲೇ ತುಂಬಬಹುದು. ಮನೆಯಲ್ಲಿ ಕಾಲೇಜು ಹುಡುಗರಿದ್ದರೆ ಅವರ ಕೈಗೆ ಕೊಡಿ, ಒಂದು ಲೋಟ ಕಾಫಿ ಆರೋದರೊಳಗೆ ಮುಗಿಸ್ತಾರೆ. ಮಾಡದೆ ಸುಮ್ಮನಿದ್ದರೆ ಮಾತ್ರ ನಿಜವಾದ ತಾಪತ್ರಯ.

ಇನ್ನು ಆ ಹುಡುಗನ ಕಡೆ ತಿರುಗಿ. 180 ದಿನಕ್ಕಿಂತ ಹೆಚ್ಚಿನ ವೀಸಾದಲ್ಲಿ ಓದಲು ಬಂದವನು 14 ದಿನದೊಳಗೆ ಹೆಸರು ನೋಂದಾಯಿಸಬೇಕು. ಅದಕ್ಕೆ ವಿಳಾಸದ ಪುರಾವೆ ಬೇಕು. ಹಾಸ್ಟೆಲ್ ಸಿಕ್ಕರೆ ಹಾಸ್ಟೆಲ್ ಪತ್ರ, ಇಲ್ಲದಿದ್ದರೆ ಬಾಡಿಗೆ ಕರಾರು. ಮನೆ ಇಲ್ಲದೆ ಕರಾರು ಎಲ್ಲಿಂದ ತರೋದು? ಬ್ಯಾಂಕಿನಲ್ಲೂ ಕೇಳುವುದು ಅದೇ ವಿಳಾಸ. ಇತ್ತ ದಿನ ಉರುಳ್ತಾ ಇರುತ್ತೆ, ಅತ್ತ ಲಾಡ್ಜಿನ ಬಿಲ್ಲು ಏರ್ತಾ ಇರುತ್ತೆ. ಕೊನೆಗೆ ಯಾರೋ ಬ್ರೋಕರ್ ಕೈಗೆ ಸಿಕ್ಕಿ, ಊರಿಗಿಲ್ಲದ ಬಾಡಿಗೆಗೆ ಒಪ್ಪಿಕೊಳ್ಳುತ್ತಾನೆ. ನಮ್ಮ ಕಡೆಯ ತಿಂಗಳುಗಟ್ಟಲೆ ಅಡ್ವಾನ್ಸ್ ಪದ್ಧತಿ ಅವನಿಗೆ ಹೊಸದು. ಅದು ವಾಪಸ್ ಬರೋ ದುಡ್ಡೋ, ಹೋದ ದುಡ್ಡೋ ಅಂತಲೂ ತಿಳಿಯದು.

ಮನೆ ಸಿಕ್ಕ ಮೇಲೆ ಉಳಿದ ಪಾಠಗಳು. ನಾವು ಹೂಂ ಅನ್ನೋಕೂ ತಲೆ ಅಲ್ಲಾಡಿಸ್ತೀವಿ, ಅವರು ಅದನ್ನು ಬೇಡ ಅಂತ ತಿಳೀತಾರೆ. ಆಫೀಸಿನಲ್ಲಿ ಗುಮಾಸ್ತರು ‘ನಾಳೆ ಬನ್ನಿ’ ಅಂದರೆ ಪಾಪ, ನಿಜವಾಗಿಯೂ ನಾಳೆ ಹೋಗಿ ನಿಲ್ತಾರೆ! ಸಿಟಿ ಬಸ್ಸಿನಲ್ಲಂತೂ ಇನ್ನೊಂದು ಪೇಚು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಅಕ್ಕಪಕ್ಕದ ಹೆಂಗಸರೆಲ್ಲ ಕಾಸು ಕೊಡದೆ ಟಿಕೆಟ್ ಪಡೀತಾರೆ. ಅದನ್ನು ನೋಡಿ ಹೊಸದಾಗಿ ಬಂದ ಪರದೇಶದ ಹುಡುಗಿಯೂ ಸುಮ್ಮನೆ ಕೈ ಚಾಚುತ್ತಾಳೆ. ಕಂಡಕ್ಟರ್ ರೇಗ್ತಾರೆ. ಅದು ಕರ್ನಾಟಕದ ಹೆಣ್ಣುಮಕ್ಕಳಿಗೆ ಮಾತ್ರ ಅಂತ ಪಕ್ಕದಲ್ಲಿ ಕೂತವರು ಒಂದು ಮಾತು ಹೇಳಿದರೆ ಜಗಳ ಅಲ್ಲಿಗೇ ನಿಲ್ಲುತ್ತೆ.

ಅಂಗಡಿಯವರೇ, ನಿಮಗೂ ಒಂದು ಮಾತು. ಬಣ್ಣ ನೋಡಿ ರೇಟು ಹೇಳಬೇಡಿ. ಮೂರು ವರ್ಷದ ಗಿರಾಕಿಯನ್ನು ಮೂರು ರೂಪಾಯಿಗೆ ಕಳಕೊಳ್ಳೋದು ಯಾವ ವ್ಯಾಪಾರ?

2021ರ ಆಗಸ್ಟ್ ನೆನಪಿದೆ ತಾನೆ? ಕಾಬೂಲ್ ತಾಲಿಬಾನ್ ಕೈಸೇರಿತು, ಅಲ್ಲಿನ ಬ್ಯಾಂಕುಗಳು ಬಾಗಿಲು ಹಾಕಿದವು. ನಮ್ಮೂರಿನಲ್ಲಿ ಓದುತ್ತಿದ್ದ ಅಫ್ಘಾನ್ ಹುಡುಗರಿಗೆ ಊರಿಗೆ ಹೋಗುವ ಹಾಗಿಲ್ಲ, ಮನೆಯಿಂದ ದುಡ್ಡು ಬರುವ ಭರವಸೆಯಿಲ್ಲ. ಅಂಥ ಹೊತ್ತಿನಲ್ಲಿ ಒಂದು ತಿಂಗಳು ಬಾಡಿಗೆ ತಡೆಯುವ ಯಜಮಾನರು, ಅಕ್ಕಿ-ಬೇಳೆಗೆ ಲೆಕ್ಕ ಬರೆದುಕೊಳ್ಳುವ ಅಂಗಡಿಯವರು ಬಿಟ್ಟರೆ ಆ ಹುಡುಗರಿಗೆ ಇನ್ಯಾರು?

ಮೇಲ್ಮನೆ ಖಾಲಿ ಇರುವವರು ಅನುಮಾನ ಇದ್ದರೆ ಮಾನಸಗಂಗೋತ್ರಿಯ ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ವಿಚಾರಿಸಿ. ಹುಡುಗ ನಿಜವಾಗಿ ಸೇರಿದ್ದಾನೋ, ಯಾವ ಕ್ಲಾಸೋ ಕೇಳಿ. ಕರಾರು ಬರೆಸಿ, ಫಾರಂ ತುಂಬಿ, ಬೀಗದ ಕೈ ಕೊಡಿ. ಕೊಡೋಕೆ ಮನಸ್ಸಿಲ್ಲ ಅಂದ್ರೆ ನೇರವಾಗಿ ಹಾಗೇ ಹೇಳಿ, ಅವನು ಮುಂದಿನ ಗೇಟಿಗೆ ಹೋಗ್ತಾನೆ. ಅವನ ಕೈಲಿರೋದು ಹದಿನಾಲ್ಕೇ ದಿನ.