ಮಾರಾಟಕ್ಕಿಲ್ಲ, ಕೊಟ್ಟು ಕೊಳ್ಳಲಿಕ್ಕೆ ಮಾತ್ರ

ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಒಂದು ಇಸ್ಪೀಟು ಎಲೆಯಷ್ಟು ಜಾಗ. ಅದರಲ್ಲಿ ಜಲವರ್ಣ ಬಳಿಯಬಹುದು, ಗೆರೆ ಎಳೆಯಬಹುದು, ದಾರ ಹೊಲಿಯಬಹುದು, ಹಳೆಯ ಕಾಗದ ಅಂಟಿಸಿ ಕೊಲಾಜ್ ಮಾಡಬಹುದು. ಕಟ್ಟಳೆ ಎರಡೇ: ಅಳತೆ ತಪ್ಪಬಾರದು, ಕಾರ್ಡನ್ನು ಮಾರಬಾರದು. ಇನ್ನೊಬ್ಬರ ಕಾರ್ಡು ಬೇಕಾದರೆ ನೀವು ಮಾಡಿದ್ದೊಂದನ್ನು ಕೊಡಬೇಕು. ಇದೇ ‘ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್’. ಬಳಸುವವರ ಬಾಯಲ್ಲಿ ಎಟಿಸಿ.

ಇದನ್ನು ಶುರು ಮಾಡಿದವರು ಸ್ವಿಟ್ಜರ್‌ಲೆಂಡಿನ ಕಲಾವಿದ ಎಂ. ವೆಂಚಿ ಸ್ಟಿರ್ನೆಮನ್. ತಾವೇ ಕೈಯಾರೆ ಮಾಡಿದ 1,200 ಕಾರ್ಡುಗಳನ್ನು ಅವರು ಜೂರಿಕ್‌ನ ತಮ್ಮ ಹಳೆ ಪುಸ್ತಕದಂಗಡಿಯಲ್ಲಿ ಪ್ರದರ್ಶನಕ್ಕಿಟ್ಟರು. ಕೊನೆಯ ದಿನ, ನೀವೂ ಮಾಡಿ ತನ್ನಿ, ಬದಲಾಯಿಸಿಕೊಳ್ಳೋಣ ಎಂದು ಬಂದವರನ್ನು ಕರೆದರು. ಅದು 1997. ಅದೇ ವರ್ಷ ಕಲಾವಿದ ಡಾನ್ ಮೇಬಿ ಈ ಪದ್ಧತಿಯನ್ನು ಕೆನಡಾದ ಕ್ಯಾಲ್ಗರಿಗೆ ಒಯ್ದರು. ಅಲ್ಲಿಂದ ಅದು ಊರೂರಿಗೆ ಹಬ್ಬಿತು. ಅಳತೆ ಮಾತ್ರ ಅಮೆರಿಕದ ಬೇಸ್‌ಬಾಲ್ ಕಾರ್ಡುಗಳದು. ಹೀಗಾಗಿ ಆ ಕಾರ್ಡುಗಳಿಗೆಂದೇ ತಯಾರಾದ ಒಂಬತ್ತು ಜೇಬಿನ ಪ್ಲಾಸ್ಟಿಕ್ ಹಾಳೆಗಳಲ್ಲಿ ಎಟಿಸಿಯೂ ಸಲೀಸಾಗಿ ಕೂರುತ್ತದೆ.

ಹಳೆಯ ಕಾಗದಕ್ಕೂ ಈ ಕಾರ್ಡಿಗೂ ಒಳ್ಳೆಯ ಹೊಂದಾಣಿಕೆ. ಅಂಗಡಿಯ ಲೆಕ್ಕದ ಪುಸ್ತಕ, ಹರಿದ ನಕಾಶೆ, ಪಂಚಾಂಗ, ಇನ್‌ಲ್ಯಾಂಡ್ ಪತ್ರ, ಬಸ್ ಟಿಕೆಟ್, ಮುದ್ರೆ ಬಿದ್ದ ಅಂಚೆಚೀಟಿ ಎಲ್ಲವೂ ಇಲ್ಲಿ ಸಾಮಗ್ರಿ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳಲ್ಲಿ ಹುಡುಕಬಹುದು. ಮನೆಯ ಅಟ್ಟದಲ್ಲೂ ಸಿಕ್ಕೀತು. ಆದರೆ ಕಾಗದದ ಗುಣ ತಿಳಿದಿರಬೇಕು. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಮರದ ತಿರುಳಿನ ಕಾಗದ ಬಂತು. ಅದರಲ್ಲಿರುವ ಲಿಗ್ನಿನ್ ಮತ್ತು ಆಮ್ಲದಿಂದ ಹಾಳೆ ಹಳದಿಯಾಗುತ್ತದೆ, ಪುಡಿಪುಡಿಯಾಗುತ್ತದೆ. ಅದಕ್ಕೂ ಮೊದಲಿನ ಚಿಂದಿಬಟ್ಟೆಯ ಕಾಗದ ಹೆಚ್ಚು ಗಟ್ಟಿ. ಮೂಲೆಯೊಂದನ್ನು ಮಡಚಿ ಬಿಡಿಸಿ ನೋಡಿ. ಮಡಿಕೆಯಲ್ಲೇ ಮುರಿದರೆ ಅದನ್ನು ಮಡಚುವ ಕೆಲಸಕ್ಕೆ ಬಳಸಬೇಡಿ, ದಪ್ಪ ಹಾಳೆಯ ಮೇಲೆ ಅಂಟಿಸಿ. ಅಜ್ಜಿಯ ಕಾಗದದಂಥ ಒಂದೇ ಪ್ರತಿ ಇರುವುದಕ್ಕೆ ಕತ್ತರಿ ಹಾಕಬೇಡಿ. ಲೇಸರ್ ಪ್ರಿಂಟ್ ತೆಗೆದು ಬಳಸಿ. ಅದರ ಅಕ್ಷರ ಅಂಟಿನ ತೇವಕ್ಕೆ ಹರಡುವುದಿಲ್ಲ.

ಕೆಲಸಕ್ಕೆ ಮೊದಲು ರಟ್ಟಿನಲ್ಲಿ ಕಾರ್ಡಿನ ಅಳತೆಯ ಕಿಟಕಿ ಕೊಯ್ದಿಟ್ಟುಕೊಳ್ಳಿ. ಲೆಕ್ಕದ ಪುಸ್ತಕದ ಹಾಳೆಯ ಮೇಲೆ ಅದನ್ನು ಮೆಲ್ಲಗೆ ಸರಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಕೆಂಪು ಗೆರೆ, ನೀಲಿ ಶಾಯಿಯ ಅಂಕಿಗಳು, ಅಂಚಿನ ಎಣ್ಣೆಕಲೆ ಒಟ್ಟಾಗಿ ಚೌಕಟ್ಟಿಗೆ ಬರುತ್ತವೆ. ಅರ್ಧ ಕಾರ್ಡು ಅಲ್ಲೇ ಸಿದ್ಧ. ಅಷ್ಟನ್ನು ಕತ್ತರಿಸಿ, 300 ಜಿಎಸ್‌ಎಂ ಜಲವರ್ಣದ ಹಾಳೆಗೆ ತೆಳುವಾಗಿ ಅಂಟು ಸವರಿ ಕೂರಿಸಿ. ನುಣ್ಣಗೆ ಬೇಯಿಸಿದ ಮೈದಾ ಅಂಟು ಅಥವಾ ಪಿವಿಎ ಅಂಟು ಸಾಕು. ಸೆಲ್ಲೋಟೇಪ್ ಬೇಡ, ಕೆಲವೇ ವರ್ಷಗಳಲ್ಲಿ ಅದು ಕಂದು ಕಲೆ ಬಿಡುತ್ತದೆ. ತೇವಕ್ಕೆ ಹಿಗ್ಗಿದ ಕಾಗದ ಒಣಗುತ್ತಾ ಕುಗ್ಗಿ ಕಾರ್ಡನ್ನು ಬಾಗಿಸುತ್ತದೆ. ಹಿಂಬದಿಗೂ ಒಂದು ಕಾಗದ ಅಂಟಿಸಿದರೆ ಎಳೆತ ಸಮವಾಗುತ್ತದೆ. ರಾತ್ರಿಯಿಡೀ ಭಾರದ ಪುಸ್ತಕಗಳ ಕೆಳಗಿಡಿ. ಆಮೇಲೆ ಅದರ ಮೇಲೆ ಒಂದು ಹಕ್ಕಿಯನ್ನೋ ಮುಖವನ್ನೋ ಬರೆಯಿರಿ. ಹಳೆಯ ಬರಹವನ್ನು ಪೂರ್ತಿ ಮುಚ್ಚಬೇಡಿ.

ಕಾರ್ಡಿನ ಹಿಂಬದಿಯಲ್ಲಿ ಹೆಸರು, ಶೀರ್ಷಿಕೆ, ತಾರೀಕು, ಸಹಿ ಹಾಕುವುದು ರೂಢಿ. ಒಂದೇ ವಿನ್ಯಾಸದಲ್ಲಿ ಐದು ಮಾಡಿದ್ದರೆ 1/5, 2/5 ಎಂದು ಸಂಖ್ಯೆ ಹಾಕುತ್ತಾರೆ. ಇದೇ ಅಳತೆಯ ಕಾರ್ಡುಗಳನ್ನು ಮಾರುವವರೂ ಇದ್ದಾರೆ. ಅವುಗಳಿಗೆ ಎಸಿಇಒ ಎಂಬ ಬೇರೆಯದೇ ಹೆಸರಿದೆ, ಎರಡನ್ನೂ ಬೆರೆಸುವಂತಿಲ್ಲ.

ಮಾರಬಾರದೆಂಬ ಕಟ್ಟಳೆಯಲ್ಲೇ ಈ ಕಲೆಯ ಜೀವವಿದೆ. ಬೆಲೆ ಇಲ್ಲದ ಕಡೆ ಹೆಸರಾಂತ ಕಲಾವಿದರ ಕಾರ್ಡಿಗೂ ಶಾಲೆಯ ಹುಡುಗಿಯ ಕಾರ್ಡಿಗೂ ಒಂದಕ್ಕೊಂದೇ ಲೆಕ್ಕ. ಹಣವಿದ್ದರೆ ಸಂಗ್ರಹ ಬೆಳೆಯುವುದಿಲ್ಲ, ಮಾಡಿದರಷ್ಟೇ ಬೆಳೆಯುತ್ತದೆ. ಇದನ್ನು ಕಲಿಯಲು ತರಗತಿಯಾಗಲಿ ದುಬಾರಿ ಸಾಮಗ್ರಿಯಾಗಲಿ ಬೇಕಿಲ್ಲ. ರದ್ದಿಗೆ ಹಾಕಬೇಕೆಂದಿದ್ದ ನಾಲ್ಕು ಹಾಳೆ ಮತ್ತು ನಿಮ್ಮ ಹಾಗೆಯೇ ಕಾರ್ಡು ಮಾಡಲು ಒಪ್ಪುವ ಇನ್ನೊಬ್ಬರು ಸಿಕ್ಕರೆ ಈ ಭಾನುವಾರವೇ ಶುರು ಮಾಡಬಹುದು.